ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡಿ

ಇಲ್ಲಿ ಬರೆಯದೆ ಬಹಳ ದಿನ ಆಗಿತ್ತು. ಆಫೀಸು, ಟ್ರಾಫಿಕ್ಕು, ಸೋಮಾರಿತನ... ಕಾರಣಗಳಿಗೇನು ಬರ. ಆದರೆ ಕಳೆದ ತಿಂಗಳು ನೋಡಿದ ಒಂದು ಕಾರು ಇನ್ನೂ ತಲೆಯಿಂದ ಇಳಿದಿಲ್ಲ. ಬರೆದು ಮುಗಿಸಿದರೆ ಇಳಿಯಬಹುದೇನೋ ಅಂತ ಕೂತಿದ್ದೇನೆ.

ನಮ್ಮಕ್ಕನ ಮಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡ್ತಾನೆ. ಆರು ವರ್ಷ ಪಿ.ಜಿ.ಯಲ್ಲಿದ್ದು, ಕಂಪನಿ ಬಸ್ಸಿನಲ್ಲೇ ಓಡಾಡಿ ದುಡ್ಡು ಕೂಡಿಟ್ಟವನು. ಅಕ್ಕ ಸೈಟು ತಗೋ ಅಂತಿದ್ದಳು. ಇವನ ಕಣ್ಣು ಬಿದ್ದಿದ್ದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230 ಮೇಲೆ. 2017ರಲ್ಲಿ ಇಲ್ಲಿಗೆ ಬಂದ ಗಾಡಿ. ಎರಡು ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, 230 ಅಶ್ವಶಕ್ತಿ, ನಿಂತಲ್ಲಿಂದ ನೂರು ಕಿ.ಮೀ. ವೇಗಕ್ಕೆ ಏಳು ಸೆಕೆಂಡೂ ಬೇಡ. ಹೊರಗಿನಿಂದ ನೋಡಿದರೆ ಸಭ್ಯ ಸೆಡಾನ್, ಒಳಗೆ ರಾಕ್ಷಸ. ಹುಡುಗರು ಹುಚ್ಚಾಗೋದರಲ್ಲಿ ತಪ್ಪೇನೂ ಇಲ್ಲ ಬಿಡಿ.

"ಮಾಮ, ವೈಟ್‌ಫೀಲ್ಡ್‌ನಲ್ಲಿ ಒಂದು ಇದೆ, ಬೇರೆ ಕಡೆಗಿಂತ ನಾಲ್ಕು ಲಕ್ಷ ಕಮ್ಮಿ ಹೇಳ್ತಿದಾರೆ. ಭಾನುವಾರ ಬರ್ತೀಯಾ?" ಅಂತ ಫೋನ್ ಮಾಡಿದ. ನಾಲ್ಕು ಲಕ್ಷ ಕಮ್ಮಿ ಅಂದ ಕೂಡಲೇ ನಾನು ಪೀಣ್ಯದಲ್ಲಿ ಗ್ಯಾರೇಜ್ ಇಟ್ಟಿರೋ ಗೆಳೆಯನನ್ನೂ ಕರೆದುಕೊಂಡೆ. ಅವನದ್ದು ಕಡಿಮೆ ಮಾತು, ಜಾಸ್ತಿ ಕೆಲಸ.

ಡೀಲರ್ ಹೆಸರು ಬೇಡ. ಗಾಡಿ ಮಾತ್ರ ಲಕಲಕ ಹೊಳೀತಿತ್ತು. "ಸಿಂಗಲ್ ಓನರ್ ಸಾರ್, ಡಾಕ್ಟರ್ ಓಡಿಸಿದ್ದು, ಶೋರೂಮ್ ಕಂಡೀಷನ್." (ನಮ್ಮೂರಿನ ಹಳೇ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿರ್ತಾರೆ, ಯಾಕೋ ಗೊತ್ತಿಲ್ಲ.) ಹುಡುಗ ಆಗಲೇ ಟೋಕನ್ ಅಡ್ವಾನ್ಸ್ ಕೊಡೋಕೆ ಫೋನ್ ತೆಗೆದಿದ್ದ.

ಗೆಳೆಯ ಮೊದಲು ಬಾನೆಟ್ ಮೇಲೆ ಕೈ ಇಟ್ಟ. ಬಿಸಿ ಇತ್ತು. ಎಂಜಿನ್ ಪೂರ್ತಿ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಅದರ ನಿಜವಾದ ಸದ್ದು, ಹೊಗೆ ಗೊತ್ತಾಗುತ್ತೆ. ನಾವು ಬರೋ ಮೊದಲೇ ಓಡಿಸಿ ಬಿಸಿ ಮಾಡಿಟ್ಟಿದ್ದಾರೆ ಅಂದರೆ ಅಲ್ಲೇ ಮೊದಲ ಅನುಮಾನ. ಆಮೇಲೆ ಸ್ಕ್ಯಾನರ್ ಹಾಕಿದ. ಎರರ್ ಕೋಡ್ ಒಂದೂ ಇಲ್ಲ. ಹುಡುಗ ನನ್ನ ಕಡೆ ನೋಡಿ ನಕ್ಕ. ಆದರೆ ಅದೇ ಸ್ಕ್ಯಾನರ್ ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಓಡಿದೆ ಅಂತಲೂ ಹೇಳುತ್ತೆ. ಹನ್ನೊಂದು ಕಿಲೋಮೀಟರ್! ಅಂದರೆ ಹಿಂದಿನ ದಿನವೋ ಅವತ್ತು ಬೆಳಿಗ್ಗೆಯೋ ಸ್ಲೇಟು ಒರೆಸಿದ್ದಾರೆ.

ಆಮೇಲೆ ಅವನು ಮಾಡಿದ ಕೆಲಸ ನಾನು ನೋಡಿರಲಿಲ್ಲ. ಡ್ರೈವರ್ ಸೀಟ್ ಬೆಲ್ಟ್ ಹಿಡಿದು ನಿಧಾನಕ್ಕೆ ಕೊನೇತನಕ ಎಳೆದ. ನಾವು ದಿನಾ ಎಳೆಯೋ ಭಾಗ ಶುಭ್ರವಾಗಿತ್ತು. ಕೊನೆಯ ಎರಡು ಅಡಿ ಕೆಮ್ಮಣ್ಣಿನ ಬಣ್ಣ, ಒಂದು ಕಡೆ ನೇರವಾದ ಗೆರೆ. ಸೀಟಿನ ಕೆಳಗಿನ ಬೋಲ್ಟ್‌ಗಳಲ್ಲಿ ತುಕ್ಕು. ಕಾರ್ಪೆಟ್ ಎತ್ತಿದರೆ, ಅಷ್ಟೊಂದು ಸೆಂಟು ಹೊಡೆದಿದ್ದರೂ, ಒದ್ದೆ ಗೋಣಿಚೀಲದ ವಾಸನೆ.

ಗಾಡಿ ಕೆಎ 53, ಅಂದರೆ ಕೆ.ಆರ್. ಪುರಂ ರಿಜಿಸ್ಟ್ರೇಷನ್. ಗೆಳೆಯ ಹಳೇ ಇನ್ಶೂರೆನ್ಸ್ ಪಾಲಿಸಿಗಳನ್ನು ಕೇಳಿದ. 2022ರ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಶೇ. 50, ಮುಂದಿನ ವರ್ಷ ಸೊನ್ನೆ. "ಅದು ಬಂಪರ್ ಕ್ಲೇಮ್ ಸಾರ್" ಅಂದರು. ನಾವು ಮೂವರೂ ಸುಮ್ಮನಾದೆವು.

2022ರ ಸೆಪ್ಟೆಂಬರ್ ನಿಮಗೂ ನೆನಪಿರುತ್ತೆ. 4ರ ರಾತ್ರಿ ಸುರಿದ ಮಳೆಗೆ ಬೆಳಗಾಗೋದರೊಳಗೆ ನಗರದಲ್ಲಿ 131.6 ಮಿಲಿಮೀಟರ್ ದಾಖಲಾಗಿತ್ತು. ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್, ಯಮಲೂರಿನ ಎಪ್ಸಿಲಾನ್, ಬೆಳ್ಳಂದೂರು, ಔಟರ್ ರಿಂಗ್ ರೋಡು ಎಲ್ಲಾ ಕೆರೆ. ಟೆಕ್ಕಿಗಳು ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದರು. ಕೋಟಿ ಬೆಲೆಯ ಕಾರುಗಳು ಕತ್ತಿನತನಕ ನೀರಲ್ಲಿ ನಿಂತ ಫೋಟೋಗಳನ್ನು ನಾವೆಲ್ಲ ಫಾರ್ವರ್ಡ್ ಮಾಡಿ ನಕ್ಕಿದ್ದೆವು. ಆ ಕಾರುಗಳೆಲ್ಲ ಆಮೇಲೆ ಎಲ್ಲಿ ಹೋದವು ಅಂತ ಮಾತ್ರ ನಾನು ಯೋಚಿಸಿರಲಿಲ್ಲ.

ರಿಪೇರಿ ಖರ್ಚು ಪಾಲಿಸಿಯಲ್ಲಿ ಘೋಷಿಸಿದ ಬೆಲೆಯ ಶೇ. 75 ದಾಟಿದರೆ ಇನ್ಶೂರೆನ್ಸ್‌ನವರು ಟೋಟಲ್ ಲಾಸ್ ಅಂತಾರೆ. ಅಂಥ ಗಾಡಿಗಳು ಹರಾಜಿಗೆ ಬರುತ್ತವೆ. ತಗೊಂಡವರು ಬಿಚ್ಚಿ, ತೊಳೆದು, ಒಣಗಿಸಿ, ಮಾರ್ತಾರೆ. ಅದಕ್ಕಿಂತ ಕಡಿಮೆ ಹಾಳಾದವು ರಿಪೇರಿ ಆಗಿ ಹಾಗೇ ಮಾರುಕಟ್ಟೆಗೆ ಬರುತ್ತವೆ. ಹಾಗೆ ಮಾರೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಹೇಳಿ ಮಾರಿದರೆ ತಗೊಳ್ಳೋರು ತಗೊಳ್ಳಲಿ, ಬೆಲೆಯೂ ಅದಕ್ಕೆ ತಕ್ಕ ಹಾಗಿರುತ್ತೆ. ಹೇಳದೆ ಮಾರೋದು ಮೋಸ.

ನೀರು ಕುಡಿದ ಸಣ್ಣ ಕಾರಾದರೆ ಎಲ್ಲೋ ಸಿಗ್ನಲ್‌ನಲ್ಲಿ ನಿಂತು ಮಾನ ಕಳೆಯುತ್ತೆ, ಅಷ್ಟೇ ಅಂತ ನಾನು ಅಂದೆ. ಗೆಳೆಯ ತಿರುಗಿ ಹೇಳಿದ್ದು ಇದು: "ವೈರಿಂಗ್ ಕನೆಕ್ಟರ್ ಒಳಗೆ ಹಸಿರು ಕಿಲುಬು ಹಿಡಿಯೋಕೆ ತಿಂಗಳುಗಳು, ಕೆಲವು ಸಲ ವರ್ಷ ಬೇಕು. ಎಬಿಎಸ್‌ಗೆ ಹೋಗೋದು ಅದೇ ವೈರು, ಏರ್‌ಬ್ಯಾಗ್‌ಗೂ ಅದೇ. ಈ ಹುಡುಗ 230 ಕುದುರೆ ತಗೋತಿರೋದು ನಲವತ್ತರಲ್ಲಿ ಹೋಗೋಕಲ್ಲ ತಾನೆ?"

ಹುಡುಗ ಮಾತಾಡಲಿಲ್ಲ. ಫೋನ್ ಜೇಬಿಗೆ ಹಾಕಿಕೊಂಡ.

ಇಂಥ ಗಾಡಿ ನೋಡೋಕೆ ಹೋಗೋರಿಗೆ ನಾನು ಕಲಿತಿದ್ದನ್ನು ಹೇಳ್ತೀನಿ. ಬೆಳಿಗ್ಗೆ ಹೋಗಿ, ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಟೈರಿನ ಪಕ್ಕದ ಕೊನೆಯ ನಾಲ್ಕು ಅಂಕಿ ಓದಿ: 1518 ಅಂದರೆ 2018ರ 15ನೇ ವಾರ. ಗುಂಡಿ ಕಾಣಿಸಿದರೂ ಅಷ್ಟು ಹಳೇ ರಬ್ಬರ್ ಮೇಲೆ ವೇಗ ಬೇಡ. ಡಿಎಸ್‌ಜಿ ಗೇರ್‌ಬಾಕ್ಸಿಗೆ 60,000 ಕಿ.ಮೀ.ಗೊಮ್ಮೆ ಆಯಿಲ್ ಬದಲಾಯಿಸಿದ ಬಿಲ್ ಕೇಳಿ. ಬೇರೆ ರಾಜ್ಯದ ನಂಬರ್ ಆದರೆ ಎನ್‌ಒಸಿ, ಇಲ್ಲಿನ ತೆರಿಗೆ ಎರಡೂ ಲೆಕ್ಕ ಹಾಕಿ. 20 ಲಕ್ಷ ದಾಟಿದ ಹೊಸ ಕಾರಿಗೆ ನಮ್ಮಲ್ಲಿ ಜೀವಾವಧಿ ತೆರಿಗೆ ಶೇ. 18, ಮೇಲೆ ಸೆಸ್. ಹಳೇದಕ್ಕೆ ವಯಸ್ಸಿನ ಪ್ರಕಾರ ಕಡಿಮೆ. 2025ರ ಜುಲೈನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಗೆ ಇಲ್ಲಿ ಸುಮಾರು 1.42 ಕೋಟಿ ಕಟ್ಟಿಸಿಕೊಂಡಿದ್ದು ಎಲ್ಲ ಪೇಪರಿನಲ್ಲೂ ಬಂದಿತ್ತು. ಎಲ್ಲಕ್ಕಿಂತ ಮುಖ್ಯ, ಗಾಡಿ ಮೇಲೆ ಆಸೆ ಇಲ್ಲದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಆದರೆ ಎಲ್ಲ ಹೊಣೆಯೂ ಕೊಳ್ಳೋರ ಮೇಲೇ ಯಾಕೆ? ಅಮೆರಿಕದಲ್ಲಿ ಇನ್ಶೂರೆನ್ಸ್‌ನವರು ಕೈಬಿಟ್ಟ ಗಾಡಿಯ ಮಾಲೀಕತ್ವದ ಪತ್ರದ ಮೇಲೇ ಅದನ್ನು ನಮೂದಿಸ್ತಾರೆ. ನಮ್ಮ ಆರ್‌ಸಿಯಲ್ಲಿ ಬಣ್ಣ ಇದೆ, ಚಾಸಿ ನಂಬರ್ ಇದೆ, ಸಾಲ ಇದ್ದರೆ ಬ್ಯಾಂಕಿನ ಹೆಸರೂ ಇರುತ್ತೆ. "ಈ ಗಾಡಿ ನೀರಲ್ಲಿ ಮುಳುಗಿತ್ತು" ಅನ್ನೋ ಒಂದು ಸಾಲಿಗೆ ಜಾಗ ಇಲ್ಲ. 2023ರ ಏಪ್ರಿಲ್‌ನಿಂದ ಹಳೇ ಗಾಡಿ ಡೀಲರುಗಳು ಆರ್‌ಟಿಒ ಅಧಿಕಾರ ಪತ್ರ ತಗೋಬೇಕು ಅಂತ ಕೇಂದ್ರ ಸರ್ಕಾರದ ನಿಯಮ ಬಂದಿದೆ. ಒಳ್ಳೇದೇ. ಆದರೆ ಕ್ಲೇಮ್ ವಿವರ ಇನ್ಶೂರೆನ್ಸ್ ಕಂಪನಿಗಳ ಹತ್ತಿರ ಇದ್ದೇ ಇರುತ್ತೆ. ದೊಡ್ಡ ಕ್ಲೇಮ್ ಆದ ಗಾಡಿಯ ವಿಷಯ ವಾಹನ್‌ನಲ್ಲಿ ಯಾರು ಬೇಕಾದರೂ ನೋಡೋ ಹಾಗೆ ಕಡ್ಡಾಯ ಮಾಡಬೇಕು ಅನ್ನೋದು ನನ್ನ ಅಭಿಪ್ರಾಯ.

ಹುಡುಗ ಒಂದು ವಾರ ನನ್ನ ಹತ್ತಿರ ಮಾತು ಬಿಟ್ಟಿದ್ದ. ಆಮೇಲೆ ಅವನೇ ಫೋನ್ ಮಾಡಿದ. "ಮಾಮ, ಆ ಗಾಡಿ ಸೇಲ್ ಆಯ್ತಂತೆ."

ನಾವು ಮೂವರೂ ಬಚಾವಾದೆವು ಅಂತ ಮನೆಗೆ ಬಂದಿದ್ದೆವು. ಬೇರೆ ಯಾರದೋ ಆರು ವರ್ಷದ ಉಳಿತಾಯ ಅದರ ಮೇಲೆ ಬಿತ್ತು. ಅವರಿಗೆ ಪೀಣ್ಯದ ಗೆಳೆಯ ಇರಲಿಲ್ಲ. ಈಗ ಮಾರತಹಳ್ಳಿ ಸೇತುವೆ ಹತ್ತಿರ ಆ ಬಣ್ಣದ ಆಕ್ಟೇವಿಯಾ ಪಕ್ಕದಲ್ಲಿ ಹೋದರೆ ನಂಬರ್ ಪ್ಲೇಟ್ ನೋಡ್ತೀನಿ. ಅದೇ ಗಾಡಿ ಸಿಕ್ಕರೆ ಗಾಜು ಇಳಿಸಿ ಹೇಳಬೇಕಾ, ಸುಮ್ಮನೆ ಹೋಗಬೇಕಾ? ನೀವಾಗಿದ್ದರೆ ಏನು ಮಾಡ್ತಿದ್ದಿರಿ?