ಗ್ರಾಮಸಭೆಯಲ್ಲಿ ಟಿಬೆಟನ್ ನೆರೆಯವರಿಗೂ ಜಾಗ ಕೊಡಿ

ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ,



ಬೈಲಕುಪ್ಪೆ, ಮುಂಡಗೋಡು, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಆಚೆಗಿನ ಒಡೆಯರಪಾಳ್ಯ. ಈ ಊರುಗಳಲ್ಲಿ ನೆಲೆಸಿರುವ ಟಿಬೆಟನ್ನರಿಗೆ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಮತದಾನದ ಹಕ್ಕು ಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಲೋಕಸಭೆ, ವಿಧಾನಸಭೆಯ ಮಾತು ಬೇರೆ. ಅದು ನಿಮ್ಮ ಕೈಯಲ್ಲಿಲ್ಲ. ಪಂಚಾಯಿತಿಯ ಕಾಯ್ದೆ ನಿಮ್ಮ ಇಲಾಖೆಯದು, ಅದನ್ನು ತಿದ್ದುವ ಅಧಿಕಾರ ನಮ್ಮದೇ ವಿಧಾನಮಂಡಲದ್ದು.

ದಲೈ ಲಾಮಾ ಅವರು ಭಾರತಕ್ಕೆ ಬಂದದ್ದು 1959ರಲ್ಲಿ. ಅವರ ಹಿಂದೆ ಬಂದ ಜನರಿಗೆ ನೆಲ ಕೊಡಿ ಎಂದು ಕೇಂದ್ರ ಕೇಳಿದಾಗ, ಆಗಿನ ಮೈಸೂರು ರಾಜ್ಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಸುಮಾರು ಮೂರು ಸಾವಿರ ಎಕರೆಯನ್ನು ಗುತ್ತಿಗೆಗೆ ಕೊಟ್ಟಿತು. ಆಮೇಲೆ ಮುಂಡಗೋಡು, ಗುರುಪುರ, ಒಡೆಯರಪಾಳ್ಯ ಸೇರಿಕೊಂಡವು. ಹಿಮದ ನಾಡಿನಿಂದ ಬಂದವರು ಕಾಡು ಕಡಿದು, ಆನೆಗಳ ಕಾಟ ತಡೆದುಕೊಂಡು, ಮುಸುಕಿನ ಜೋಳ ಬೆಳೆಯಲು ಕಲಿತರು. ಚಳಿಗಾಲ ಬಂತೆಂದರೆ ಊರೂರು ತಿರುಗಿ ಸ್ವೆಟರ್ ಮಾರಿ ಮಕ್ಕಳನ್ನು ಓದಿಸಿದರು. ಕೇಂದ್ರ ಗೃಹ ಸಚಿವಾಲಯದ ವಾರ್ಷಿಕ ವರದಿಗಳನ್ನು ನೋಡಿದರೆ ದೇಶದಲ್ಲಿ ಅತಿ ಹೆಚ್ಚು ಟಿಬೆಟನ್ನರು ನೆಲೆಸಿರುವ ರಾಜ್ಯ ಕರ್ನಾಟಕವೇ. ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಜನ. ಅವರನ್ನು ಇಲ್ಲಿಗೆ ಕರೆದು ಕೂರಿಸಿದವರು ನಾವು. ಈ ಮಾತನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ, ಮುಂದೆ ಬರುತ್ತೇನೆ.

ಈ ಜನರ ಪೌರತ್ವದ ಸ್ಥಿತಿ ಒಂದೇ ಮನೆಯೊಳಗೆ ಹೇಗೆ ಹರಿದು ಹಂಚಿಹೋಗಿದೆ ನೋಡಿ. ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ದೆಹಲಿ ಹೈಕೋರ್ಟ್ 2010ರಲ್ಲಿ, ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದು ಹೇಳಿದವು. 2014ರಲ್ಲಿ ಚುನಾವಣಾ ಆಯೋಗ ಅಂಥವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಆದರೆ 1987ರ ಜುಲೈ ನಂತರ ಹುಟ್ಟಿದವರ ಅಪ್ಪ ಅಥವಾ ಅಮ್ಮ ಭಾರತೀಯರಾಗಿರಬೇಕು. 2004ರ ಡಿಸೆಂಬರ್ ಬಳಿಕ ನಿಯಮ ಇನ್ನಷ್ಟು ಬಿಗಿಯಾಯಿತು. ಹೀಗಾಗಿ ಟಿಬೆಟ್‌ನಲ್ಲಿ ಹುಟ್ಟಿ ಬಂದ ದಂಪತಿಗೆ 1986ರಲ್ಲಿ ಬೈಲಕುಪ್ಪೆಯಲ್ಲಿ ಮಗಳು ಹುಟ್ಟಿದ್ದರೆ ಅವಳು ಭಾರತೀಯಳು. ಅದೇ ದಂಪತಿಗೆ 1988ರಲ್ಲಿ ಅದೇ ಆಸ್ಪತ್ರೆಯಲ್ಲಿ ಮಗ ಹುಟ್ಟಿದ್ದರೆ ಅವನು ವಿದೇಶಿ. ಅಕ್ಕ ಮತಗಟ್ಟೆಗೆ ಹೋಗಬಹುದು. ತಮ್ಮ ವಿದೇಶಿಯರಿಗೆ ಕೊಡುವ ನೋಂದಣಿ ಪ್ರಮಾಣಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು.

ಪೌರತ್ವ ಸಿಗುವವರಲ್ಲೂ ಹಲವರು ಅದನ್ನು ತೆಗೆದುಕೊಳ್ಳಲು ಹಿಂಜರಿಯುತ್ತಾರೆ. ವಸಾಹತಿನ ಮನೆ ಜಮೀನು ಕೈತಪ್ಪೀತೆಂಬ ಭಯ ಒಂದು ಕಡೆ. ಇನ್ನೊಂದು ಕಡೆ, ಊರಿಗೆ ಮರಳುತ್ತೇವೆ ಎಂಬ ಹಿರಿಯರ ಮಾತಿಗೆ ತಪ್ಪಿದಂತಾಗುತ್ತದೆಂಬ ಸಂಕಟ. ಈ ಸಂಕಟವನ್ನು ಹೊರಗಿನವರಾದ ನಾವು ಹಗುರವಾಗಿ ಕಾಣಬಾರದು. ದೇಶ ಕಳೆದುಕೊಂಡವರು ಆ ದೇಶದ ನೆನಪನ್ನು ಬಿಟ್ಟುಕೊಡದೆ ಇರಲು ಬಯಸಿದರೆ, ಅದಕ್ಕಾಗಿ ಅವರು ಊರಿನ ಚರಂಡಿಯ ಬಗ್ಗೆ ಮಾತಾಡುವ ಹಕ್ಕನ್ನೂ ಕಳೆದುಕೊಳ್ಳಬೇಕೇ? ನನ್ನ ಇಡೀ ಪತ್ರ ಇರುವುದು ಈ ಪ್ರಶ್ನೆಯ ಮೇಲೆ.

ಸಂವಿಧಾನ ಏನು ಹೇಳುತ್ತದೆಂದು ನಿಮ್ಮ ಕಾನೂನು ಅಧಿಕಾರಿಗಳನ್ನು ಕೇಳಿ. ಮತದಾರ ಭಾರತದ ನಾಗರಿಕನಾಗಿರಬೇಕು ಎನ್ನುವುದು 326ನೇ ವಿಧಿ, ಅದು ಹೆಸರಿಸುವುದು ಲೋಕಸಭೆ ಮತ್ತು ವಿಧಾನಸಭೆಗಳನ್ನು. ಪಂಚಾಯಿತಿಗಳ ಬಗ್ಗೆ ಇರುವ ಒಂಬತ್ತನೇ ಭಾಗ, ಗ್ರಾಮಸಭೆ ಎಂದರೆ ಆ ಗ್ರಾಮದ ಮತದಾರರ ಪಟ್ಟಿಯಲ್ಲಿ ಹೆಸರಿರುವ ವ್ಯಕ್ತಿಗಳ ಸಭೆ ಎನ್ನುತ್ತದೆ. ಅಲ್ಲಿ ನಾಗರಿಕನಾಗಿರಬೇಕೆಂಬ ಷರತ್ತಿಲ್ಲ. ಚುನಾವಣೆಗೆ ಸಂಬಂಧಿಸಿದ ವಿಷಯಗಳಲ್ಲಿ ಕಾನೂನು ಮಾಡುವ ಅಧಿಕಾರವನ್ನು 243ಕೆ ವಿಧಿ ರಾಜ್ಯಕ್ಕೆ ಬಿಟ್ಟಿದೆ. ನಾವು ನಮ್ಮ 1993ರ ಪಂಚಾಯತ್ ರಾಜ್ ಅಧಿನಿಯಮದಲ್ಲಿ ವಿಧಾನಸಭೆಯ ಪಟ್ಟಿಯನ್ನೇ ಪಂಚಾಯಿತಿಗೂ ಬಳಸಿಕೊಂಡೆವು, ಅದರ ಬೆನ್ನಿಗೇ ನಾಗರಿಕತ್ವದ ಷರತ್ತೂ ಒಳಗೆ ಬಂತು. ಅಂದರೆ ಈ ಬಾಗಿಲು ಹಾಕಿದ್ದು ಸಂವಿಧಾನ ಅಲ್ಲ, ನಾವೇ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಮತ ಮಾತ್ರವಲ್ಲ, ಗ್ರಾಮಸಭೆಯ ಸದಸ್ಯತ್ವವೂ ಇಲ್ಲ. ಲೆಕ್ಕ ಕೇಳುವಂತಿಲ್ಲ, ಕಾಮಗಾರಿ ಸೂಚಿಸುವಂತಿಲ್ಲ, ಕೈ ಎತ್ತುವಂತಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ಗ್ರಾಮ ಪಂಚಾಯಿತಿಗೆ ಎಷ್ಟು ಸದಸ್ಯರು ಎಂದು ನಮ್ಮ ಕಾಯ್ದೆ ತೀರ್ಮಾನಿಸುವುದು ಜನಸಂಖ್ಯೆಯ ಮೇಲೆ, ನಾನೂರು ಜನಕ್ಕೆ ಒಬ್ಬರಂತೆ. ಜನಗಣತಿಯಲ್ಲಿ ಇಲ್ಲಿ ವಾಸವಿರುವ ಟಿಬೆಟನ್ನರನ್ನೂ ಎಣಿಸುತ್ತಾರೆ. ಅನುದಾನ ಹಂಚುವಾಗಲೂ ಜನಸಂಖ್ಯೆ ಒಂದು ಅಳತೆ. ಸ್ಥಾನ ಎಣಿಸುವಾಗ, ಹಣ ತರುವಾಗ ಅವರು ಊರಿನವರು. ಆ ಸ್ಥಾನದಲ್ಲಿ ಯಾರು ಕೂರಬೇಕು, ಆ ಹಣ ಎಲ್ಲಿಗೆ ಹೋಗಬೇಕು ಎನ್ನುವಾಗ ಹೊರಗಿನವರು. ಇದು ನ್ಯಾಯವಲ್ಲ, ಸಚಿವರೇ.

ಪಂಚಾಯಿತಿ ಮಾಡುವ ಕೆಲಸ ಎಂಥದ್ದೆಂದು ನಿಮಗೆ ನಾನು ಹೇಳಬೇಕಿಲ್ಲ. ಕುಡಿಯುವ ನೀರು, ಬೀದಿದೀಪ, ಕಸ, ಚರಂಡಿ. ಬೈಲಕುಪ್ಪೆಯ ಸ್ವರ್ಣ ದೇವಾಲಯ ನೋಡಲು ಬರುವ ಪ್ರವಾಸಿಗರ ವಾಹನಗಳ ಸಾಲು, ಅವರು ಬಿಟ್ಟುಹೋಗುವ ಪ್ಲಾಸ್ಟಿಕ್, ಬೇಸಗೆಯಲ್ಲಿ ಬತ್ತುವ ಕೊಳವೆಬಾವಿ ಇವೆಲ್ಲ ಟಿಬೆಟನ್ನರಿಗೂ ಅವರ ಅಕ್ಕಪಕ್ಕದ ಕನ್ನಡದ ರೈತರಿಗೂ ಒಂದೇ. ಈ ವಿಷಯಗಳನ್ನು ಇಬ್ಬರೂ ಒಂದೇ ಸಭೆಯಲ್ಲಿ ಕೂತು ಮಾತಾಡಲು ದಾರಿಯಿಲ್ಲ. ವಸಾಹತಿಗೆ ತನ್ನದೇ ಆಡಳಿತ, ಊರಿಗೆ ತನ್ನದೇ ಪಂಚಾಯಿತಿ. ನಡುವೆ ತಕರಾರು ಬಂದರೆ ಬಗೆಹರಿಸಲು ತಹಶೀಲ್ದಾರರೋ ಪೊಲೀಸರೋ ಬರಬೇಕು.

ಮತ ಹಾಕುವುದು ಈ ಜನರಿಗೆ ಹೊಸದಲ್ಲ. ಧರ್ಮಶಾಲಾದಲ್ಲಿರುವ ತಮ್ಮ ಸಂಸತ್ತಿಗೂ ತಮ್ಮ ಆಡಳಿತದ ಮುಖ್ಯಸ್ಥರ ಸ್ಥಾನಕ್ಕೂ ಅವರು ಇಲ್ಲಿಂದಲೇ ಮತ ಹಾಕುತ್ತಾರೆ. 2021ರಲ್ಲಿ ಆ ಮುಖ್ಯಸ್ಥ ಸ್ಥಾನಕ್ಕೆ ಆಯ್ಕೆಯಾದ ಪೆನ್ಪಾ ತ್ಸೆರಿಂಗ್ ಹುಟ್ಟಿದ್ದು ಬೈಲಕುಪ್ಪೆಯಲ್ಲೇ. ನಮ್ಮ ಮೈಸೂರು ಜಿಲ್ಲೆಯ ಮಣ್ಣಿನಲ್ಲಿ ಹುಟ್ಟಿದವರು ಒಂದು ಜನಾಂಗದ ನಾಯಕತ್ವಕ್ಕೆ ಏರಿದರೆಂದು ನಾನು ಹೆಮ್ಮೆಪಡುತ್ತೇನೆ.

ಹೊರದೇಶಗಳಲ್ಲಿ ಇಂಥ ಹಕ್ಕು ಅಪರೂಪವಲ್ಲ. ಲಂಡನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ನಮ್ಮ ಕನ್ನಡದ ಹುಡುಗ, ಭಾರತದ ಪಾಸ್‌ಪೋರ್ಟನ್ನೇ ಕೈಯಲ್ಲಿಟ್ಟುಕೊಂಡು, ಕಾಮನ್‌ವೆಲ್ತ್ ದೇಶದವನೆಂಬ ಕಾರಣಕ್ಕೆ ಬ್ರಿಟನ್ನಿನ ಸಂಸತ್ತಿಗೇ ಮತ ಹಾಕಬಹುದು. ಐರ್ಲೆಂಡಿನಲ್ಲಿ ದುಡಿಯುವ ನಮ್ಮ ನರ್ಸ್ ಅಲ್ಲಿನ ನಾಗರಿಕಳಾಗದೆಯೇ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದು. ಸ್ವೀಡನ್ 1976ರಿಂದ ವಿದೇಶಿ ನಿವಾಸಿಗಳಿಗೆ ಸ್ಥಳೀಯ ಮತ ಕೊಟ್ಟಿದೆ, ದಕ್ಷಿಣ ಕೊರಿಯಾ 2006ರಿಂದ. ನ್ಯೂಜಿಲೆಂಡ್ 1975ರಲ್ಲೇ ಖಾಯಂ ನಿವಾಸಿಗಳಿಗೆ ರಾಷ್ಟ್ರೀಯ ಚುನಾವಣೆಯನ್ನೂ ತೆರೆಯಿತು. ಎದುರಿನ ಉದಾಹರಣೆಗಳೂ ಇವೆ. ಜರ್ಮನಿಯ ಸಂವಿಧಾನ ನ್ಯಾಯಾಲಯ 1990ರಲ್ಲಿ, ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ 2025ರಲ್ಲಿ ಇಂಥ ಕಾನೂನುಗಳನ್ನು ರದ್ದು ಮಾಡಿದವು. ಎರಡೂ ಕಡೆ ಆಯಾ ಸಂವಿಧಾನದ ಪಠ್ಯವೇ ಸ್ಥಳೀಯ ಮತವನ್ನೂ ನಾಗರಿಕರಿಗೆ ಸೀಮಿತಗೊಳಿಸುತ್ತದೆ ಎಂದು ನ್ಯಾಯಾಲಯಗಳು ಓದಿದವು. ನಮ್ಮ ಒಂಬತ್ತನೇ ಭಾಗದಲ್ಲಿ ಅಂಥ ಪಠ್ಯ ನನಗೆ ಕಾಣಿಸಿಲ್ಲ.

ಹೊರಗಿನದ್ದು ಬೇಡವೆಂದರೆ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳ ಕಡೆ ನೋಡಿ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ಕೆಲಸ ಸಿಕ್ಕಿತು. ಅವರು ನಾಗರಿಕರಾಗಿ ಬಂದರು, ಪಂಚಾಯಿತಿಗೆ ಮತ ಹಾಕುತ್ತಾರೆ. ಅದರಿಂದ ಅಲ್ಲಿನ ಊರುಗಳು ಕೆಡಲಿಲ್ಲ. ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಇದೇ ರಾಜ್ಯ ನೆಲೆ ಕೊಟ್ಟ ಇನ್ನೊಂದು ಜನ ಮಾತ್ರ ಹೊರಗುಳಿದರು.

ಒಂದು ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ಇವರಿಗೆ ಕೊಟ್ಟರೆ ನಾಳೆ ಗಡಿ ನುಸುಳಿ ಬಂದವರೆಲ್ಲ ಕೇಳುತ್ತಾರೆ ಎನ್ನುವವರಿದ್ದಾರೆ. ನಾವೇ ಕರೆದು ಕೂರಿಸಿದ್ದು ಎಂದು ಆರಂಭದಲ್ಲಿ ಹೇಳಿದ್ದು ಇದಕ್ಕೇ. ಸರ್ಕಾರ ಗುತ್ತಿಗೆಗೆ ಕೊಟ್ಟ ನೆಲದ ಮೇಲೆ, ಸರ್ಕಾರ ಕೊಟ್ಟ ಪ್ರಮಾಣಪತ್ರ ಹಿಡಿದು, ಸರ್ಕಾರದ ಕಡತದಲ್ಲಿ ಹೆಸರು ಬರೆಸಿ ಬದುಕುವವರು ಇವರು. ಕೇಂದ್ರವೇ 2014ರಲ್ಲಿ ಟಿಬೆಟನ್ ಪುನರ್ವಸತಿ ನೀತಿ ರೂಪಿಸಿ, ಇವರ ಗುತ್ತಿಗೆ ಮತ್ತು ಸೌಲಭ್ಯಗಳ ಬಗ್ಗೆ ರಾಜ್ಯಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಇಷ್ಟು ಸ್ಪಷ್ಟವಾಗಿ ಗುರುತಿಸಬಹುದಾದ ಸಮುದಾಯಕ್ಕೆ ಗೆರೆ ಎಳೆದು ಕಾನೂನು ಬರೆಯುವುದು ಕಷ್ಟವೇನಲ್ಲ. ತಮ್ಮ ಮೀಸಲು ಸ್ಥಾನಗಳು ಕೈತಪ್ಪುತ್ತವೆಂದು ಸುತ್ತಲಿನ ಹಳ್ಳಿಗರು ಅಂಜಬಹುದು. ಅದಕ್ಕೇ ಮತದ ಹಕ್ಕು ಸಾಕು, ಸ್ಪರ್ಧೆಯ ಹಕ್ಕು ಸದ್ಯಕ್ಕೆ ಬೇಡ.

ಬೇರೆ ಯಾವ ರಾಜ್ಯವೂ ಮಾಡಿಲ್ಲ ಎಂದು ನಿಮ್ಮ ಅಧಿಕಾರಿಗಳು ಕಡತದಲ್ಲಿ ಬರೆಯಬಹುದು. ಆದರೆ ಹಿಂದೆ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು ಕೂತ ಕುರ್ಚಿಯಲ್ಲಿ ನೀವು ಕೂತಿದ್ದೀರಿ. ಮಂಡಲ ಪಂಚಾಯಿತಿಗಳ ಕಾಲದಲ್ಲಿ, ಸಂವಿಧಾನದ 73ನೇ ತಿದ್ದುಪಡಿಗೆ ವರ್ಷಗಳ ಮೊದಲು, ಹೆಣ್ಣುಮಕ್ಕಳಿಗೆ ಶೇಕಡ 25 ಸ್ಥಾನ ಮೀಸಲಿಟ್ಟು 1987ರಲ್ಲಿ ಚುನಾವಣೆ ನಡೆಸಿದ ರಾಜ್ಯ ಇದು. ಅಂದು ದೇಶದ ಉಳಿದ ಭಾಗ ಏನು ಮಾಡಿದೆ ಎಂದು ಕಾದಿದ್ದರೆ ಆ ಕೆಲಸ ಆಗುತ್ತಿರಲಿಲ್ಲ.

ನನ್ನ ಕೋರಿಕೆ ಇಷ್ಟೇ. ಮೊದಲು, ಈ ತಿದ್ದುಪಡಿ ಸಾಧ್ಯವೇ ಎಂದು ಅಡ್ವೊಕೇಟ್ ಜನರಲ್ ಅವರ ಲಿಖಿತ ಅಭಿಪ್ರಾಯ ಪಡೆಯಿರಿ, ಅದನ್ನು ಸಾರ್ವಜನಿಕರ ಮುಂದಿಡಿ. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ವಸಾಹತುಗಳಲ್ಲಿ ನೆಲೆಸಿರುವ ವಯಸ್ಕರಿಗಾಗಿ ಗ್ರಾಮ ಪಂಚಾಯಿತಿಗೆ ಮಾತ್ರ ಸಲ್ಲುವ ಪ್ರತ್ಯೇಕ ಪಟ್ಟಿ ತಯಾರಾಗಲಿ. ಅದರಲ್ಲಿ ಹೆಸರು ಬರೆಸಿದ್ದಕ್ಕೆ ಯಾರ ನಿರಾಶ್ರಿತ ಸ್ಥಾನಮಾನಕ್ಕೂ ಗುತ್ತಿಗೆ ಭೂಮಿಗೂ ಧಕ್ಕೆಯಿಲ್ಲ ಎಂದು ಕಾಯ್ದೆಯಲ್ಲೇ ಬರೆದಿರಲಿ, ಇಲ್ಲದಿದ್ದರೆ ಭಯಕ್ಕೆ ಯಾರೂ ಮುಂದೆ ಬರುವುದಿಲ್ಲ. ಕಾಯ್ದೆ ತಿದ್ದುವ ತನಕ ಕಾಯದೆ ಈಗಲೇ ಮಾಡಬಹುದಾದದ್ದೂ ಒಂದಿದೆ. ವಸಾಹತುಗಳ ಪ್ರತಿನಿಧಿಗಳನ್ನು ಗ್ರಾಮಸಭೆಗೆ ಆಹ್ವಾನಿಸಿ ಅವರ ಮಾತನ್ನು ನಡಾವಳಿಯಲ್ಲಿ ದಾಖಲಿಸಬೇಕೆಂದು ಪಿರಿಯಾಪಟ್ಟಣ, ಹುಣಸೂರು, ಮುಂಡಗೋಡು, ಹನೂರು ತಾಲ್ಲೂಕುಗಳ ಪಂಚಾಯಿತಿಗಳಿಗೆ ಒಂದು ಸುತ್ತೋಲೆ ಹೊರಡಿಸಿ. ಮುಂದಿನ ಗ್ರಾಮಸಭೆಗೆ ಮೊದಲು ಅದು ಅಲ್ಲಿ ತಲುಪಲಿ.

ತಮ್ಮ ವಿಶ್ವಾಸಿ,
ಪಿರಿಯಾಪಟ್ಟಣ ತಾಲ್ಲೂಕಿನ ಒಬ್ಬ ಮತದಾರ