ಹ್ಯಾಟ್ರಿಕ್ ಎಂಬ ಟೋಪಿ

ಓವರಿನ ಕೊನೆಯ ಎರಡು ಎಸೆತಕ್ಕೆ ಎರಡು ವಿಕೆಟ್, ಅದೇ ಬೌಲರ್‌ನ ಮುಂದಿನ ಓವರಿನ ಮೊದಲ ಎಸೆತಕ್ಕೆ ಇನ್ನೊಂದು. ಇದು ಹ್ಯಾಟ್ರಿಕ್ಕೇ? ಶಿವನಿಯ ಬಯಲಲ್ಲಿ ಆಡುವ ಹುಡುಗರಿಗೂ ಈ ತಕರಾರು ತಪ್ಪಿದ್ದಲ್ಲ.

ಹೌದು, ಹ್ಯಾಟ್ರಿಕ್ಕೇ. ಓವರ್ ಬದಲಾದರೂ ಬಾಧಕವಿಲ್ಲ. ರನೌಟ್ ಮಾತ್ರ ಲೆಕ್ಕಕ್ಕಿಲ್ಲ. ಅದು ಬೌಲರ್‌ನ ಖಾತೆಗೆ ಸೇರದು.

1858ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಎಚ್.ಎಚ್. ಸ್ಟೀಫನ್‌ಸನ್ ಹೀಗೆ ಮೂವರನ್ನು ಔಟ್ ಮಾಡಿದಾಗ ಚಂದಾ ಎತ್ತಿ ಟೋಪಿ ಕೊಡಿಸಿದರಂತೆ. ನಮ್ಮಲ್ಲಿ ಟೋಪಿ ಹಾಕುವುದು ಮೋಸ, ಅಲ್ಲಿ ಮರ್ಯಾದೆ. ಕರ್ನಾಟಕದ ಅಭಿಮನ್ಯು ಮಿಥುನ್ 2019ರ ವಿಜಯ್ ಹಜಾರೆ ಫೈನಲ್‌ನಲ್ಲಿ, ತಮ್ಮ ಹುಟ್ಟುಹಬ್ಬದಂದೇ, ತಮಿಳುನಾಡಿನ ವಿರುದ್ಧ ಈ ಮರ್ಯಾದೆ ಗಳಿಸಿದರು.

ಚುನಾವಣೆಯಲ್ಲಿ ಮೂರು ಸಲ ಗೆದ್ದವರೂ ಹ್ಯಾಟ್ರಿಕ್ ವೀರರೇ. ಆದರೆ ಗೆಲುವು ಸತತವಾಗಿರಬೇಕು. ನಡುವೆ ಒಮ್ಮೆ ಸೋತಿದ್ದರೆ, ಆ ಬಿರುದು ಓದುಗರಿಗೆ ಹಾಕಿದ ಟೋಪಿ!