ಆರೋಗ್ಯ ವಿಚಾರ: ಹೃದಯದ ಬಾಗಿಲು ಕಿರಿದಾದಾಗ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಊರುಗಳಲ್ಲಾಗಲಿ ಮತ್ತೆಲ್ಲಿಯೇ ಆಗಲಿ, ಮಗುವಿಗೆ ಗಂಟಲು ನೋವು ಬಂದರೆ ಉಪ್ಪುನೀರು ಮುಕ್ಕಳಿಸಿ ಅರಿಸಿನದ ಹಾಲು ಕುಡಿಸುವುದು ವಾಡಿಕೆ. ಬಹುಪಾಲು ನೋವು ಅಷ್ಟರಿಂದಲೇ ಶಮನವಾಗುವುದುಂಟು. ಆದರೆ ಕೆಲವು ಮಕ್ಕಳಲ್ಲಿ, ಸ್ಟ್ರೆಪ್ಟೊಕಾಕಸ್ ಎಂಬ ಕ್ರಿಮಿಯಿಂದಾದ ಗಂಟಲುಬೇನೆ ಅಡಗಿದ ಎರಡು ಮೂರು ವಾರಗಳ ತರುವಾಯ ಜ್ವರವು ಮರುಕಳಿಸಿ, ಮೊಣಕಾಲು, ಕಣಕಾಲು, ಮೊಣಕೈ ಎಂದು ಒಂದಾದ ಮೇಲೊಂದು ಕೀಲು ಬಾತು ನೋಯತೊಡಗುತ್ತದೆ. ಇದೇ ರುಮ್ಯಾಟಿಕ್ ಜ್ವರ. ಕೀಲುಗಳು ವಾಸಿಯಾಗುತ್ತವೆ, ಹೃದಯದ ಕವಾಟಗಳು ಹಲವೊಮ್ಮೆ ವಾಸಿಯಾಗುವುದಿಲ್ಲ.

ಎಡ ಹೃದಯದ ಮೇಲಣ ಮತ್ತು ಕೆಳಗಣ ಕೋಣೆಗಳ ನಡುವಿನ ಮೈಟ್ರಲ್ ಕವಾಟದ ದ್ವಾರವು ಆರೋಗ್ಯವಂತರಲ್ಲಿ 4ರಿಂದ 6 ಚದರ ಸೆಂಟಿಮೀಟರಿನಷ್ಟಿರುತ್ತದೆ. ಈ ರೋಗದಲ್ಲಿ ಅದರ ಎಸಳುಗಳು ಅಂಟಿಕೊಂಡು, ದ್ವಾರವು 1 ಚದರ ಸೆಂಟಿಮೀಟರಿಗೂ ಇಳಿಯಬಹುದು. ಆಗ ರಕ್ತವು ಹಿಂದೆ ನಿಂತು ಶ್ವಾಸಕೋಶವನ್ನು ತುಂಬುತ್ತದೆ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಎಷ್ಟೋ ವೇಳೆ ರೋಗವು ಹೊರಬೀಳುವುದು ಬಸುರಿನಲ್ಲಿ. ರಕ್ತದ ಪ್ರಮಾಣ ಹೆಚ್ಚಿದಾಗ ಕಿರಿದಾದ ಬಾಗಿಲು ಅದನ್ನು ತಾಳಲಾರದು. ಮಲಗಿದರೆ ಉಸಿರುಕಟ್ಟಿ ಎದ್ದು ಕೂರುವ ಬಸುರಿಗೆ “ಇದೆಲ್ಲ ಸಹಜ” ಎಂದು ಹೇಳುವ ಹಿರಿಯರನ್ನು ನಾವು ಗೌರವಿಸುತ್ತೇವೆ, ಆದರೆ ಆ ಮಾತನ್ನು ಮಾತ್ರ ಒಪ್ಪಲಾರೆವು.

ಈ ಬಾಗಿಲನ್ನು ತೆರೆಯುವ ವಿದ್ಯೆ ಸುಲಭವಾಗಿ ಕೈಗೆ ಬಂದುದಲ್ಲ. 1925ರಲ್ಲಿ ಲಂಡನ್ನಿನ ಸೌಟರ್ ಎಂಬ ಶಸ್ತ್ರವೈದ್ಯರು ಬಾಲಿಕೆಯೊಬ್ಬಳ ಹೃದಯದೊಳಗೆ ಬೆರಳನ್ನೇ ತೂರಿಸಿ ಕವಾಟವನ್ನು ಬಿಡಿಸಿದರು. ಆಕೆ ಬದುಕಿದಳು. ವಿಚಿತ್ರವೆಂದರೆ, ಆಮೇಲೆ ಅವರ ಬಳಿಗೆ ಅಂಥ ರೋಗಿಯನ್ನು ಯಾವ ವೈದ್ಯನೂ ಕಳುಹಿಸಲಿಲ್ಲ! ಮುಂದೆ ಅಮೇರಿಕದ ಬೇಯ್ಲಿ ಎಂಬವರ ಮೊದಲ ರೋಗಿಗಳು ತೀರಿಕೊಂಡರು. ತಡೆ ಬರುವುದೆಂಬ ಭಯದಿಂದ ಅವರು 1948ರ ಜೂನ್ 10ರಂದು ಫಿಲಡೆಲ್ಫಿಯಾದಲ್ಲಿ ಒಂದೇ ದಿನ ಎರಡು ಆಸ್ಪತ್ರೆಗಳಲ್ಲಿ ಎರಡು ಶಸ್ತ್ರಕ್ರಿಯೆಗಳನ್ನು ಗೊತ್ತುಮಾಡಿಕೊಂಡರು. ಮೊದಲನೆಯ ರೋಗಿ ಉಳಿಯಲಿಲ್ಲ, ಎರಡನೆಯಾಕೆ ಉಳಿದಳು. ಇದನ್ನು ಧೈರ್ಯವೆನ್ನಬೇಕೋ ದುಡುಕೆನ್ನಬೇಕೋ, ಇಂದಿಗೂ ನಮಗೆ ನಿರ್ಧರಿಸಲಾಗಿಲ್ಲ.

ಕೆಟ್ಟುಹೋದ ಕವಾಟಕ್ಕೆ ಬದಲಾಗಿ ಕೃತಕ ಕವಾಟವನ್ನು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ವಲಿಯತ್ತಾನರು ಮತ್ತು ಅವರ ಸಂಗಡಿಗರು ನಿರ್ಮಿಸಿದರು. ಮೂರು ಮಾದರಿಗಳು ಸೋತು ನಾಲ್ಕನೆಯದು ನಿಂತಿತು. ಕುರಿಗಳಲ್ಲಿ ಪರೀಕ್ಷೆ ಮುಗಿದ ಬಳಿಕ, 1990ರ ಡಿಸೆಂಬರಿನಲ್ಲಿ ಅದನ್ನು ಮೊದಲ ಬಾರಿಗೆ ಮನುಷ್ಯನಿಗೆ ಜೋಡಿಸಲಾಯಿತು. ವಲಿಯತ್ತಾನರು ಆಮೇಲೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಕುಲಪತಿಗಳಾಗಿ ಬಂದರು.

ಈಗ ಅನೇಕರಿಗೆ ಎದೆಯನ್ನು ಸೀಳುವ ಅಗತ್ಯವೇ ಇಲ್ಲ. ಜಪಾನಿನ ಇನೊಯೆ 1982ರಲ್ಲಿ ತೋರಿಸಿದಂತೆ, ತೊಡೆಸಂದಿಯ ರಕ್ತನಾಳದ ಮೂಲಕ ಪುಟ್ಟ ಬಲೂನನ್ನು ಹೃದಯಕ್ಕೆ ಒಯ್ದು, ಕವಾಟದೊಳಗೆ ಉಬ್ಬಿಸಿ, ಅಂಟಿದ ಎಸಳುಗಳನ್ನು ಬಿಡಿಸುತ್ತಾರೆ. ಎಸಳುಗಳು ಸುಣ್ಣಗಟ್ಟಿ ಗಡುಸಾಗಿದ್ದರೆ ಮಾತ್ರ ಶಸ್ತ್ರಕ್ರಿಯೆಯೇ ಗತಿ.

ಹಿಂದೆ ಈ ಸೀಮೆಯವರು ಇಂಥ ಚಿಕಿತ್ಸೆಗೆಂದು ಹೈದರಾಬಾದಿಗೋ ಸೊಲ್ಲಾಪುರಕ್ಕೋ ಬೆಂಗಳೂರಿಗೋ ಹೋಗುತ್ತಿದ್ದರು. 2024ರ ಡಿಸೆಂಬರ್ 22ರಂದು ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಕಟ್ಟಡವು ಆರಂಭವಾಯಿತು. ಸಂವಿಧಾನದ 371ನೆಯ ವಿಧಿಯ ನೆನಪಿಗೆ ಆ ಸಂಖ್ಯೆ. ಸೇಡಂ, ಚಿತ್ತಾಪುರದವರಿಗೆ ವಾಡಿಯ ಮೇಲಿಂದ ರೈಲುಂಟು, ಶಹಾಬಾದವಂತೂ ದಾರಿಯಲ್ಲಿಯೇ ಇದೆ. ಚಿಂಚೋಳಿಯವರಿಗೆ ಮಾತ್ರ ಬಸ್ಸೇ ಆಧಾರ.

ಒಮ್ಮೆ ರುಮ್ಯಾಟಿಕ್ ಜ್ವರ ಬಂದುಹೋದ ಮಗುವಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಾನುಗಟ್ಟಲೆ, ವೈದ್ಯರು ನಿಲ್ಲಿಸೆಂದು ಹೇಳುವವರೆಗೂ, ಕೊಡಿಸತಕ್ಕದ್ದು. ಮಗು ಚೆನ್ನಾಗಿ ಓಡಾಡುತ್ತಿರುವಾಗ ಸೂಜಿಯೇಕೆ ಎಂದು ತಾಯಂದಿರು ಕೇಳುವುದುಂಟು. ಜ್ವರವು ಮರುಕಳಿಸಿದಷ್ಟು ಸಲವೂ ಕವಾಟದ ಮೇಲೆ ಗಾಯವು ಕೂಡುತ್ತ ಹೋಗುತ್ತದೆ. ಆ ಸೂಜಿಯು ತಡೆಯುವುದು ಅದನ್ನೇ. ಅದಕ್ಕಾಗಿ ಕಲಬುರಗಿಯವರೆಗೆ ಹೋಗಬೇಕಾದುದೂ ಇಲ್ಲ, ಮದ್ದಿನ ಒಗ್ಗುವಿಕೆಯನ್ನು ಪರೀಕ್ಷಿಸಿ ಕೊಡಬಲ್ಲ ಹತ್ತಿರದ ವೈದ್ಯರೊಬ್ಬರಿದ್ದರಾಯಿತು.